ಸೆಕೆಗೆ ಚಾಪೆಯೋ, ಪ್ರೊಟೆಕ್ಟರೋ? ಕಾರವಾರದ ಎರಡು ಬೇಸಿಗೆಯಲ್ಲಿ ನಾನು ಹಾಸಿ ನೋಡಿದ್ದು

ಕಳೆದ ವರ್ಷ ಏಪ್ರಿಲ್‌ನ ಒಂದು ಭಾನುವಾರ. ಒಗೆಯಲು ಬೆಡ್‌ಶೀಟ್ ತೆಗೆದೆ. ಹಾಸಿಗೆಯ ಮೇಲೆ ನನ್ನದೇ ಬೆನ್ನಿನ ಆಕಾರ ಮೂಡಿತ್ತು. ಭುಜದ ಹತ್ತಿರ ಅಗಲ, ಸೊಂಟದ ಹತ್ತಿರ ಸಣ್ಣ, ಅಂಚಿನಲ್ಲಿ ಚಹಾ ಚೆಲ್ಲಿ ಒಣಗಿದ ಹಾಗೆ ಹಳದಿ ಗೆರೆ. ಪಕ್ಕದಲ್ಲಿ ನಮ್ಮನೆಯವರದ್ದು ಇನ್ನೊಂದು. ಮೂಗು ಹತ್ತಿರ ತಂದರೆ ಮುಗ್ಗಲು ವಾಸನೆ. ಹಾಸಿಗೆ ತಂದು ಹದಿನಾಲ್ಕು ತಿಂಗಳಾಗಿತ್ತು ಅಷ್ಟೇ. ದಪ್ಪ ಮೆಮೊರಿ ಫೋಮಿನದು, ಎರಡು ತಿಂಗಳು ಯೋಚನೆ ಮಾಡಿ ಕೊಂಡದ್ದು. ಅಂಗಡಿಗೆ ಫೋನ್ ಮಾಡಿದೆ. "ಕಲೆ ಬಿದ್ದಿದ್ರೆ ವಾರಂಟಿ ಬರೋದಿಲ್ಲ ಮೇಡಂ" ಅಂದರು. ಕಾಗದ ತೆಗೆದು ಓದಿದರೆ ಹಾಗೇ ಬರೆದಿತ್ತು.

ನಾನು ಶಿರಸಿಯವಳು. ಅಲ್ಲಿ ಮೇ ತಿಂಗಳಲ್ಲೂ ಬೆಳಗಿನ ಜಾವಕ್ಕೆ ಹೊದಿಕೆ ಎಳೆದುಕೊಳ್ಳುವುದೇ ರೂಢಿ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಊರು ಅದು. ಶಾಲೆಯ ನೌಕರಿ ಕಾರವಾರಕ್ಕೆ ಬಂದ ಮೇಲೆ ಕೋಡಿಬಾಗದಲ್ಲಿ ಬಾಡಿಗೆ ಮನೆ ಮಾಡಿದೆವು. ಘಟ್ಟ ಇಳಿದು ಬಂದ ಮೊದಲ ಬೇಸಿಗೆಯಲ್ಲೇ ಒಂದು ವಿಷಯ ಮೈಗೆ ಅರ್ಥವಾಯಿತು: ಇಲ್ಲಿಯದು ಧಗೆ ಅಲ್ಲ, ಸೆಕೆ. ನಮ್ಮ ಭಾಷೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ ಇರುವುದು ಸುಮ್ನೆ ಅಲ್ಲ. ವಿಜಯಪುರದ ಕಡೆ ಧಗೆ. ಅಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಬಂದ ಹಾಗೇ ಆರುತ್ತದೆ, ಆರುವಾಗ ಮೈಯ ಬಿಸಿಯನ್ನೂ ತೆಗೆದುಕೊಂಡು ಹೋಗುತ್ತದೆ. ಕಾರವಾರದಲ್ಲಿ ರಾತ್ರಿಯ ಗಾಳಿ ಮೊದಲೇ ನೀರು ಕುಡಿದು ತುಂಬಿರುತ್ತದೆ. ಬೆವರು ಆರಲು ಅದರಲ್ಲಿ ಜಾಗವೇ ಕಡಿಮೆ. ಹಾಗಾಗಿ ಮೈಯಿಂದ ಕೆಳಗೆ ಇಳಿಯುತ್ತದೆ, ಬೆಡ್‌ಶೀಟಿಗೆ, ಅಲ್ಲಿಂದ ಹಾಸಿಗೆಗೆ.

ತಂಪಾಗಿ ಮಲಗುವುದು ಮತ್ತು ಹಾಸಿಗೆ ಉಳಿಸಿಕೊಳ್ಳುವುದು ಎರಡು ಬೇರೆ ಕೆಲಸ ಎಂದುಕೊಂಡಿದ್ದೆ. ಕಳೆದ ಬೇಸಿಗೆ ಮತ್ತು ಈ ಬೇಸಿಗೆ ಚಾಪೆ, ಶೀಟ್, ಪ್ರೊಟೆಕ್ಟರ್ (ಹಾಸಿಗೆ ಹಾಳಾಗದಿರಲಿ ಎಂದು ಬೆಡ್‌ಶೀಟಿನ ಕೆಳಗೆ ಹಾಕುವ ಹೊದಿಕೆ) ಎಂದು ಒಂದೊಂದನ್ನೂ ಹಾಸಿ ನೋಡಿದ ಮೇಲೆ ಇದು ಒಂದೇ ಕೆಲಸ ಎಂದು ಗೊತ್ತಾಯಿತು. ನಾನು ಇಟ್ಟುಕೊಂಡ ನಿಯಮ ಇಷ್ಟೇ: ಯಾವುದನ್ನೂ ಏಳು ರಾತ್ರಿಗೆ ಕಡಿಮೆ ಬಳಸಬಾರದು, ಮಂಚ ಅದೇ, ಫ್ಯಾನಿನ ವೇಗ ಅದೇ. ಅಡುಗೆಮನೆಯ ತೂಕದ ಯಂತ್ರವೂ ಕೆಲಸಕ್ಕೆ ಬಂತು. ರಾತ್ರಿ ಹಾಸುವ ಮುಂಚೆ ಶೀಟ್ ಮಡಚಿ ತೂಗುವುದು, ಬೆಳಿಗ್ಗೆ ಎದ್ದ ತಕ್ಷಣ ಮತ್ತೆ ತೂಗುವುದು.

ತೂಗುವಾಗ ಮೊದಲ ದಿನವೇ ಒಂದು ಗಮನಕ್ಕೆ ಬಂತು. ಯಾರೂ ಮಲಗದ, ಕುರ್ಚಿಯ ಮೇಲೆ ಮಡಚಿಟ್ಟಿದ್ದ ಇನ್ನೊಂದು ಹತ್ತಿ ಶೀಟ್ ಕೂಡ ಬೆಳಿಗ್ಗೆ 14 ಗ್ರಾಂ ಜಾಸ್ತಿ ಇತ್ತು. ಅದು ಬೆವರಲ್ಲ, ಬರೀ ಕಾರವಾರದ ಗಾಳಿ. ಹತ್ತಿ ಗಾಳಿಯಿಂದಲೇ ತೇವ ಎಳೆದುಕೊಳ್ಳುವ ನೂಲು. ಸಾಮಾನ್ಯ ಹವೆಯಲ್ಲಿ ತನ್ನ ತೂಕದ ಸುಮಾರು 8 ಶೇಕಡಾದಷ್ಟು ನೀರು ಅದರೊಳಗೆ ಇದ್ದೇ ಇರುತ್ತದೆ. ಪಾಲಿಯೆಸ್ಟರಿನಲ್ಲಿ ಅದು ಅರ್ಧ ಶೇಕಡಾಕ್ಕೂ ಕಡಿಮೆ. ಅಲ್ಲಿಂದ ಮುಂದೆ ಕುರ್ಚಿಯ ಶೀಟಿನ ಲೆಕ್ಕ ಕಳೆದೇ ಬರೆದುಕೊಂಡೆ.

ಮೊದಲು ತಂದದ್ದು ವಾಟರ್‌ಪ್ರೂಫ್ ಪ್ರೊಟೆಕ್ಟರ್. ಎಲ್ಲರೂ ಹೇಳುವುದು ಅದನ್ನೇ ಅಲ್ವಾ. ಮೇಲೆ ಟವೆಲಿನಂಥ ಬಟ್ಟೆ, ಕೆಳಗೆ ತೆಳು ಪ್ಲಾಸ್ಟಿಕ್ ಪದರ, ನಾಲ್ಕೂ ಮೂಲೆಗೆ ಎಲಾಸ್ಟಿಕ್. ಹಾಸಿಗೆಯ ಮಟ್ಟಿಗೆ ನೂರಕ್ಕೆ ನೂರು ಕೆಲಸ ಮಾಡಿತು. ಒಂದು ಹನಿಯೂ ಕೆಳಗೆ ಇಳಿಯಲಿಲ್ಲ. ಆದರೆ ಇಳಿಯದ ನೀರು ಎಲ್ಲಿಗೆ ಹೋಗಬೇಕು? ಎರಡು ಗಂಟೆಗೆ ಎಚ್ಚರವಾದರೆ ಬೆನ್ನ ಕೆಳಗೆ ಬೆಡ್‌ಶೀಟ್ ಒದ್ದೆ. ತೂಗಿದರೆ ಬೆಡ್‌ಶೀಟ್ ಒಂದೇ 90 ಗ್ರಾಂ ಹತ್ತಿರ ಜಾಸ್ತಿ. ಹತ್ತಿಯ ಪ್ರೊಟೆಕ್ಟರ್ ಹಾಸಿದ ವಾರದಲ್ಲಿ ಅದೇ ಬೆಡ್‌ಶೀಟ್ 40ರ ಆಚೆ ಹೋಗಿರಲಿಲ್ಲ. ಪ್ಯಾಕೆಟ್ಟಿನ ಮೇಲೆ "ಗಾಳಿಯಾಡುತ್ತದೆ" ಎಂದು ಬರೆದಿರುತ್ತದೆ. ಅದು ಪೂರ್ತಿ ಸುಳ್ಳಲ್ಲ. ಒಳ್ಳೆಯ ಪದರದಲ್ಲಿ ನೀರು ನಿಂತರೂ ಆವಿ ನಿಧಾನವಾಗಿ ದಾಟುತ್ತದೆ. ಆದರೆ ಆ ಕಡೆ ಒಣ ಗಾಳಿ ಇದ್ದರೆ ತಾನೇ ಆವಿ ದಾಟುವುದು? ಎರಡೂ ಕಡೆ ತೇವವೇ ಇದ್ದರೆ ಅದು ಅಲ್ಲೇ ಕೂರುತ್ತದೆ. ಎಸಿ ಹಾಕಿದ ಕೋಣೆಯಲ್ಲಿ ಅದೇ ಪ್ರೊಟೆಕ್ಟರ್ ಅಷ್ಟು ಕಷ್ಟ ಕೊಡಲಿಲ್ಲ. ಏಳನೇ ದಿನಕ್ಕೆ ನನ್ನ ಬೆನ್ನ ಮೇಲೆ ಬೆವರುಸಾಲೆ ಎದ್ದಿತ್ತು. ತೆಗೆದು ಒಗೆದು ಮಡಚಿಟ್ಟೆ.

ಮಡಚಿಟ್ಟೆ, ಬಿಸಾಡಲಿಲ್ಲ. ಅದರ ಜಾಗ ಬೇರೆ ಇತ್ತು. ಮಾವನವರಿಗೆ ಎಂಬತ್ತು ದಾಟಿದೆ, ರಾತ್ರಿ ಒಮ್ಮೊಮ್ಮೆ ಬಾತ್‌ರೂಮಿಗೆ ಹೋಗುವಷ್ಟು ಹೊತ್ತು ತಡೆಯುವುದಿಲ್ಲ. ಅವರ ಹಾಸಿಗೆಗೆ ಇದು ಬೇಕೇ ಬೇಕು. ಅಲ್ಲಿ ಪ್ರೊಟೆಕ್ಟರ್ ಮೇಲೆ ದಪ್ಪ ಹತ್ತಿಯ ಜಮಖಾನ ಹಾಕಿ, ಅದರ ಮೇಲೆ ಮೆತ್ತಗಿನ ಶೀಟ್ ಹಾಕುತ್ತೇನೆ. ಮೈಗೂ ಪ್ಲಾಸ್ಟಿಕ್ಕಿಗೂ ನಡುವೆ ಹತ್ತಿಯ ದಪ್ಪ ಇದ್ದರೆ ಬೆವರಿಗೆ ನಿಲ್ಲಲು ಒಂದು ಜಾಗ ಸಿಗುತ್ತದೆ. ಚಿಕ್ಕ ಮಕ್ಕಳಿರುವ ಮನೆಗೂ ಇದನ್ನೇ ಹೇಳುತ್ತೇನೆ. ಹಳೇ ರಬ್ಬರ್ ಶೀಟ್ ಮಾತ್ರ ಬೇಡ. ಬಾಣಂತಿ ಮಗುವಿಗೆ ಅಂಗೈ ಅಗಲದ್ದು ಹಾಕುವುದು ಬೇರೆ, ಇಡೀ ಹಾಸಿಗೆಗೆ ಹಾಕಿದರೆ ಅದರ ಮೇಲೆ ಮಲಗಲು ಆಗುವುದಿಲ್ಲ. ನಾನು ಎರಡೇ ರಾತ್ರಿಗೆ ತೆಗೆದೆ, ನಿಯಮ ಮುರಿದದ್ದು ಅಲ್ಲಿ ಮಾತ್ರ.

ಎರಡನೆಯದು ಹತ್ತಿಯ ಪ್ರೊಟೆಕ್ಟರ್. ಒಳಗೆ ತೆಳುವಾಗಿ ಹತ್ತಿ ತುಂಬಿ ಚೌಕ ಚೌಕವಾಗಿ ಹೊಲಿದದ್ದು, ಪ್ಲಾಸ್ಟಿಕ್ ಪದರ ಇಲ್ಲದ್ದು. ಇದನ್ನು ಹುಡುಕುವುದೇ ಕಷ್ಟ. ಅಂಗಡಿಯಲ್ಲಿ ಪ್ರೊಟೆಕ್ಟರ್ ಅಂದರೆ ವಾಟರ್‌ಪ್ರೂಫನ್ನೇ ಕೊಡುತ್ತಾರೆ. "ಹತ್ತಿ" ಎಂದು ದೊಡ್ಡದಾಗಿ ಬರೆದಿದ್ದರೂ ತಿರುಗಿಸಿ ಹಿಂಬದಿ ಮುಟ್ಟಿ ನೋಡಿ. ಜಾರುವ ಹಾಗೆ ಇದ್ದರೆ ಅದು ಪ್ಲಾಸ್ಟಿಕ್ಕೇ. ಒಳಗೆ ತುಂಬಿದ್ದು ಹತ್ತಿಯೋ ಪಾಲಿಯೆಸ್ಟರೋ ಎಂದೂ ಕೇಳಿ. ಹೊರಗೆ ಹತ್ತಿ, ಒಳಗೆ ಪಾಲಿಯೆಸ್ಟರ್ ಇರುವುದೇ ಜಾಸ್ತಿ.

ಇದು ರಾತ್ರಿಗೆ 60ರಿಂದ 70 ಗ್ರಾಂ ನೀರು ಹೀರಿತು. ಮೇಲಿನ ಬೆಡ್‌ಶೀಟ್ ಮುಟ್ಟಿದರೆ ತೇವ ಇತ್ತು, ಒದ್ದೆ ಇರಲಿಲ್ಲ. ಆ ವ್ಯತ್ಯಾಸದಲ್ಲೇ ನಿದ್ದೆ ಇರುವುದು. ತೊಂದರೆಯೂ ಇದೆ. ಬೆಳಿಗ್ಗೆ ಅದನ್ನು ಹಾಗೇ ಹಾಸಿಗೆಯ ಮೇಲೆ ಬಿಟ್ಟು, ಚಂದ ಕಾಣಲಿ ಎಂದು ಮೇಲೊಂದು ಚಾದರ ಮುಚ್ಚಿದರೆ ಹೀರಿದ್ದೆಲ್ಲ ನಿಧಾನವಾಗಿ ಕೆಳಗೆ ಇಳಿಯುತ್ತದೆ. ಪ್ರೊಟೆಕ್ಟರ್ ಇಲ್ಲದ ಮೊದಲ ಹದಿನಾಲ್ಕು ತಿಂಗಳೂ ನಾನು ಹೀಗೇ ಮುಚ್ಚಿಡುವ ತಪ್ಪು ಮಾಡಿದ್ದೆ. ಬೆಳಿಗ್ಗೆ ಏಳೂವರೆಗೆ ಹಾಸಿಗೆ ಸರಿಮಾಡಿ ಮುಚ್ಚಿ ಶಾಲೆಗೆ ಓಡುತ್ತಿದ್ದೆ. ಎರಡು ಪ್ರೊಟೆಕ್ಟರ್ ಇಟ್ಟುಕೊಂಡು, ಬೆಳಿಗ್ಗೆ ಒಂದನ್ನು ಹಿತ್ತಲ ತಂತಿಗೆ ಹಾಕಿ ಬಂದರೆ ಸಂಜೆಗೆ ಗರಿಗರಿ ಆಗಿರುತ್ತದೆ. ಸಮುದ್ರದ ಬಿಸಿಲು ಅದೊಂದು ಉಪಕಾರ ಮಾಡುತ್ತದೆ. ನಾಲ್ಕು ಗಂಟೆಯೊಳಗೆ ತೆಗೆಯಬೇಕು, ಆಮೇಲಿನ ಗಾಳಿಗೆ ಮತ್ತೆ ಮೆತ್ತಗಾಗುತ್ತದೆ.

ಬಿದಿರಿನ ಬಟ್ಟೆ ಎಂದು ಮಾರುವುದನ್ನೂ ತಂದೆ. ಕೈಗೆ ರೇಷ್ಮೆಯ ಹಾಗೆ, ಮುಟ್ಟಿದರೆ ತಣ್ಣಗೆ. ಅದು ಬಿದಿರಿನ ನಾರು ಅಲ್ಲ. ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಮತ್ತೆ ಎಳೆ ತೆಗೆದ ವಿಸ್ಕೋಸ್. ಹತ್ತಿಗಿಂತ ಜಾಸ್ತಿ ನೀರು ಹೀರುತ್ತದೆ, ಒಣಗುವುದು ನಿಧಾನ, ಒದ್ದೆಯಾದಾಗ ಬಲ ಕಡಿಮೆ. ತಿಂಗಳಲ್ಲಿ ಮೂಲೆಯ ಹೊಲಿಗೆ ಬಿಟ್ಟಿತು. ತಣ್ಣಗಿನ ಜೆಲ್ ತುಂಬಿದ ದಿಂಬಿನ ಹಾಸು ಅರ್ಧ ಗಂಟೆ ಹಿತ, ಆಮೇಲೆ ಮೈಯಷ್ಟೇ ಬಿಸಿ. ಇವೆರಡಕ್ಕೂ ಹಣ ಹಾಕಬೇಡಿ.

ಕೌದಿಯ ಬಗ್ಗೆ ನನಗೆ ಪ್ರೀತಿ ಜಾಸ್ತಿ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ನಮ್ಮ ಮನೆಯಲ್ಲಿ ಒಂದಿದೆ. ಹಳೇ ಬಟ್ಟೆಯ ತುಂಡುಗಳನ್ನು ಸಾಲು ಸಾಲಾಗಿ ಕೈಹೊಲಿಗೆಯಲ್ಲಿ ಕೂಡಿಸಿದ್ದು. ಹಾಸಿದರೆ ಮೈಗೆ ಬಹಳ ಹಿತ, ಬೆವರು ಎಷ್ಟಾದರೂ ಹೀರುತ್ತದೆ. ಆದರೆ ಒಗೆದರೆ ಕಾರವಾರದಲ್ಲಿ ಒಣಗಲು ಎರಡು ದಿನ ಬೇಕು, ಎತ್ತಲು ಇಬ್ಬರು ಬೇಕು. ದಿನವೂ ಬೆವರು ಕುಡಿಸಿ ಅಂಥ ಕೈಕೆಲಸವನ್ನು ಹಾಳು ಮಾಡಲು ಮನಸ್ಸಾಗಲಿಲ್ಲ. ಅದು ಡಿಸೆಂಬರಿಗೆ, ಶಿರಸಿಯ ಮನೆಗೆ.

ಇನ್ನು ಚಾಪೆ. ಇದನ್ನು ನಾನು ಹುಡುಕಿಕೊಂಡು ಹೋದದ್ದಲ್ಲ. ಮೇ ತಿಂಗಳಲ್ಲಿ ಆಯಿ (ನನ್ನಮ್ಮ) ನಾಲ್ಕು ದಿನ ಇರಲು ಬಂದವಳು ಮಂಚ ಏರಲೇ ಇಲ್ಲ. ಹಾಲಿನ ಕೆಂಪು ಗಾರೆ ನೆಲದ ಮೇಲೆ ಹುಲ್ಲಿನ ಚಾಪೆ ಹಾಸಿ, ಅದರ ಮೇಲೆ ಹಳೇ ಪಂಚೆ ಹಾಸಿ ಮಲಗಿದಳು. ನಾನು ಒಳಗೆ ಹೊರಳಾಡುತ್ತಿದ್ದರೆ ಅವಳಿಗೆ ಒಳ್ಳೆ ನಿದ್ದೆ. ಬೆಳಿಗ್ಗೆ ಕೇಳಿದರೆ, "ಮಂಚದ ಮೇಲೆ ಗಾಳಿ ಮೇಲಿಂದ ಮಾತ್ರ ಬರ್ತು, ಚಾಪೆಗೆ ಅಡಿಗೂ ಇದ್ದು" ಅಂದಳು. ಚಾಪೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದೊಂದು ಕಡ್ಡಿಯ ನಡುವೆಯೂ ಸಣ್ಣ ಸಣ್ಣ ಬೆಳಕಿನ ಗೆರೆ. ಕಡ್ಡಿ ಉರುಟಾಗಿರುವುದರಿಂದ ಮೈ ಪೂರ್ತಿ ಅಂಟುವುದಿಲ್ಲ, ಎರಡು ಕಡ್ಡಿಯ ನಡುವಿನ ಸಂದಿಯಲ್ಲಿ ಗಾಳಿ ಓಡಾಡುತ್ತದೆ.

ನೆಲದ ಮೇಲೆ ಮಲಗಲು ನನ್ನ ಸೊಂಟ ಒಪ್ಪುವುದಿಲ್ಲ. ಹಾಗಾಗಿ ಅದೇ ಚಾಪೆಯನ್ನು ಮಂಚದ ಮೇಲೆ, ಹಾಸಿಗೆ ಮತ್ತು ಹತ್ತಿ ಪ್ರೊಟೆಕ್ಟರಿನ ನಡುವೆ ಹಾಸಿದೆ. ಈ ಎರಡು ಬೇಸಿಗೆಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದು. ಪ್ರೊಟೆಕ್ಟರ್ ಹೀರಿದ ತೇವ ನೇರ ಹಾಸಿಗೆಗೆ ತಾಗುವುದಿಲ್ಲ, ನಡುವೆ ಗಾಳಿ ಇದೆ. ಹಾಸಿಗೆಯ ಮೆತ್ತಗೆ ಸ್ವಲ್ಪ ಕಡಿಮೆಯಾಗುತ್ತದೆ, ಹೊರಳಿದಾಗ ಸಣ್ಣ ಸದ್ದು ಬರುತ್ತದೆ. ಮೂರು ರಾತ್ರಿಯಲ್ಲಿ ಅಭ್ಯಾಸ ಆಯಿತು. ಆರು ವಾರ ಬಿಟ್ಟು ಎತ್ತಿ ನೋಡಿದರೆ, ಬಿಳಿ ಬಟ್ಟೆ ಹಾಕಿ ಪರೀಕ್ಷೆಗೆ ಇಟ್ಟಿದ್ದ ಜಾಗದಲ್ಲಿ ಹಳದಿ ಗೆರೆ ಇರಲಿಲ್ಲ. ಪ್ಲಾಸ್ಟಿಕ್ ಚಾಪೆಯಲ್ಲೂ ಮಾಡಿ ನೋಡಿದೆ. ತೊಳೆಯುವುದು ಸುಲಭ, ಸಂತೆಯಲ್ಲಿ ಅಗ್ಗ, ಆದರೆ ನೇಯ್ಗೆ ಒತ್ತಾಗಿ ಗಾಳಿ ಹೋಗದು. ವಾಟರ್‌ಪ್ರೂಫಿನ ಕಥೆಯೇ ಅದರದ್ದೂ.

ಮೇಲಿನ ಶೀಟಿಗೆ ಎಷ್ಟು ದುಡ್ಡು ಕೊಟ್ಟರೂ ಹಳೇ ಪಂಚೆಗೆ ಸಮ ಬರಲಿಲ್ಲ. ಒಗೆದು ಒಗೆದು ತೆಳುವಾದ ಹತ್ತಿ, ಸಾದಾ ನೇಯ್ಗೆ. ನೂಲಿನ ಎಣಿಕೆ ಆರುನೂರು ಎಂದು ಹೇಳಿ ಮಾರುವ ಶೀಟ್ ಹೊಳೆಯುತ್ತದೆ, ಆದರೆ ಅಷ್ಟು ಒತ್ತಾಗಿ ನೇಯ್ದರೆ ಗಾಳಿ ಹೇಗೆ ಹೋಗಬೇಕು?

ಹಾಸಿಗೆಯ ಬಗ್ಗೆಯೂ ಹೇಳಬೇಕು. ಮೆಮೊರಿ ಫೋಮ್ ಮೈಯ ಬಿಸಿಗೆ ಮೆತ್ತಗಾಗಿ ನಮ್ಮನ್ನು ಒಳಗೆ ಎಳೆದುಕೊಳ್ಳುತ್ತದೆ. ಅದೇ ಅದರ ಗುಣ. ಚಳಿಯ ಊರಿಗೆ ಅದು ಹಿತ. ಇಲ್ಲಿ ಬೆನ್ನಿನ ಎರಡೂ ಬದಿಗೆ ಫೋಮ್ ಮುಚ್ಚಿಕೊಂಡು ಗಾಳಿ ತಾಗುವ ಚರ್ಮವೇ ಕಡಿಮೆಯಾಗುತ್ತದೆ. ಮಾವನವರ ಕೋಣೆಯಲ್ಲಿರುವುದು ತೆಂಗಿನ ನಾರಿನ ಹಾಸಿಗೆ. ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿದ್ದು, ಗಟ್ಟಿ, ಒಳಗೆಲ್ಲ ಸಂದಿ. ಅದಲು ಬದಲು ಮಾಡಿಕೊಂಡು ಒಂದು ವಾರ ಮಲಗಿದೆ. ಅದೇ ಶೀಟ್, ಅದೇ ಪ್ರೊಟೆಕ್ಟರ್, ಆದರೆ ರಾತ್ರಿ ಎಚ್ಚರವಾದದ್ದು ಒಂದೇ ಸಲ. ಮುಂದಿನ ಹಾಸಿಗೆ ನಾರಿನದೇ ಎಂದು ಅವತ್ತೇ ತೀರ್ಮಾನ ಮಾಡಿದೆ. ಮಂಚದ ಅಡಿಗೆ ಪೂರ್ತಿ ಪ್ಲೈವುಡ್ ಹೊಡೆದಿದ್ದರೆ ಮಾತ್ರ ನಾರಿನ ಹಾಸಿಗೆಯೂ ಉಸಿರಾಡದು. ನಮ್ಮ ಬಡಗಿಯ ಹತ್ತಿರ ಪ್ಲೈವುಡ್ ತೆಗೆಸಿ, ಎರಡು ಬೆರಳು ಸಂದಿ ಬಿಟ್ಟು ಮರದ ಪಟ್ಟಿ ಹೊಡೆಸಿದೆ. ಅರ್ಧ ದಿನದ ಕೆಲಸ.

ಈಗ ಗಾಳಿಯ ವಿಷಯ. ಹುಬ್ಬಳ್ಳಿಯ ನಾದಿನಿ ಪ್ರೀತಿಯಿಂದ ಕೂಲರ್ ಕಳಿಸಿಕೊಟ್ಟಿದ್ದರು. ಅವರ ಮನೆಯಲ್ಲಿ ಅದರ ಮುಂದೆ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ. ಇಲ್ಲಿ ಮೂರನೇ ರಾತ್ರಿಗೆ ಗೋಡೆಯ ಕ್ಯಾಲೆಂಡರಿನ ಹಾಳೆ ಮೆತ್ತಗಾಗಿ ಸುರುಳಿ ಸುತ್ತಿತ್ತು. ಕೂಲರ್ ಮಾಡುವುದು ಬೆವರು ಮಾಡುವ ಕೆಲಸವನ್ನೇ, ನೀರು ಆರಿಸಿ ಗಾಳಿ ತಂಪು ಮಾಡುವುದು. ಹುಬ್ಬಳ್ಳಿಯ ಮಧ್ಯಾಹ್ನ 38 ಡಿಗ್ರಿ ಇದ್ದು ತೇವಾಂಶ 20 ಶೇಕಡಾ ಇದ್ದರೆ, ಆ ಗಾಳಿಯನ್ನು ಹೆಚ್ಚುಕಡಿಮೆ 15 ಡಿಗ್ರಿಯಷ್ಟು ಇಳಿಸಲು ಅವಕಾಶವಿದೆ. ನಮ್ಮ ರಾತ್ರಿ 30 ಡಿಗ್ರಿ, ತೇವಾಂಶ 80 ಇದ್ದರೆ ಇಳಿಯುವುದು ಹೆಚ್ಚೆಂದರೆ ಮೂರು ಡಿಗ್ರಿ. ಅದಕ್ಕೆ ಬದಲಾಗಿ ಕೋಣೆಯ ತೇವ ಇನ್ನೂ ಏರುತ್ತದೆ. ಒದ್ದೆ ಬಟ್ಟೆ ಕಿಟಕಿಗೆ ಕಟ್ಟುವ ಉಪಾಯಕ್ಕೂ ಇದೇ ಮಾತು. ಕರಾವಳಿಯವರು ಎರಡನ್ನೂ ಬಿಟ್ಟುಬಿಡಿ.

ಎಸಿ ತಂಪು ಮಾಡುವುದರ ಜೊತೆಗೆ ಗಾಳಿಯ ನೀರನ್ನೂ ತೆಗೆಯುತ್ತದೆ. ಹೊರಗಿನ ಪೈಪಿನಿಂದ ಬಕೆಟಿಗೆ ತೊಟ್ಟಿಕ್ಕುವ ನೀರು ನೋಡಿದರೆ ಗೊತ್ತಾಗುತ್ತದೆ, ಆ ನೀರೆಲ್ಲ ನಮ್ಮ ಕೋಣೆಯಲ್ಲೇ ತೇಲುತ್ತಿದ್ದದ್ದು. 2020ರ ಜನವರಿಯಿಂದ ಹೊಸ ಎಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕೆಂಬ ನಿಯಮ ಇದೆ. ನಮಗೆ 24 ಕೂಡ ಬೇಕಾಗಲಿಲ್ಲ. ಮಲಗುವ ಮುಂಚೆ ಒಂದು ಗಂಟೆ ಡ್ರೈ ಮೋಡ್ (ಮುಖ್ಯವಾಗಿ ಗಾಳಿಯ ತೇವ ತೆಗೆಯುವ ಸೆಟ್ಟಿಂಗ್), ಆಮೇಲೆ 27ಕ್ಕೆ ಇಟ್ಟು ಮೇಲಿನ ಫ್ಯಾನ್ ಸಣ್ಣಗೆ. ಹಾಸಿಗೆಯೂ ಆ ಒಂದು ಗಂಟೆಯಲ್ಲಿ ಆರುತ್ತದೆ. ಆದರೆ ಬಿಲ್ ಬರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಕರೆಂಟೂ ಹೋಗುತ್ತದೆ. ಎಸಿ ನಿಂತ ಮುಚ್ಚಿದ ಕೋಣೆ ಅರ್ಧ ಗಂಟೆಯಲ್ಲಿ ಉಸಿರು ಕಟ್ಟುತ್ತದೆ. ಹಾಗಾಗಿ ಎಸಿಯನ್ನೇ ನಂಬಿ ಫೋಮ್ ಹಾಸಿಗೆ, ವಾಟರ್‌ಪ್ರೂಫ್ ಇಟ್ಟುಕೊಂಡರೆ ಕರೆಂಟ್ ಹೋದ ರಾತ್ರಿ ಎರಡೂ ಕೈಕೊಡುತ್ತವೆ.

ಫ್ಯಾನಿಗೆ ನನ್ನ ಮತ. ಹಳೇ ಫ್ಯಾನ್ 75 ವ್ಯಾಟ್ ತಿನ್ನುತ್ತಿತ್ತು. ಕಡಿಮೆ ಕರೆಂಟ್ ತಿನ್ನುವ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದ ಮೇಲೆ 30 ವ್ಯಾಟ್ ಆಸುಪಾಸು, ಇನ್ವರ್ಟರ್ ಮೇಲೆ ಬೆಳಗಿನವರೆಗೂ ಓಡುತ್ತದೆ. ಆದರೆ ಸ್ಲ್ಯಾಬ್ ಮನೆಯಲ್ಲಿ ಮೇಲಿನ ಫ್ಯಾನ್ ರಾತ್ರಿ ಹನ್ನೊಂದರವರೆಗೆ ತಾರಸಿಯ ಬಿಸಿಯನ್ನೇ ಕೆಳಗೆ ತಳ್ಳುತ್ತದೆ. ತಾರಸಿಯ ಮೇಲೆ ತೆಂಗಿನ ಮಡಲು ಒತ್ತಾಗಿ ಹರಡಿಸಿದೆವು. ಅಂಗೈಯಿಂದ ಕೋಣೆಯ ಮೇಲ್ಗೋಡೆ ಮುಟ್ಟಿ ನೋಡಿದರೇ ವ್ಯತ್ಯಾಸ ಗೊತ್ತಾಗುತ್ತಿತ್ತು.

ದೊಡ್ಡ ಪಾಠ ಸಿಕ್ಕಿದ್ದು ಪಕ್ಕದ ಮನೆಯ ಹೆಂಗಸಿನಿಂದ, ನಾವು ಅವರನ್ನು "ಬಾಯಿ" ಎನ್ನುತ್ತೇವೆ. ಅವರ ಮನೆಯವರು ಬೋಟಿಗೆ ಹೋಗುವವರು. ನಾನು ಸಮುದ್ರದ ಕಡೆಯ ಕಿಟಕಿಗೆ ಟೇಬಲ್ ಫ್ಯಾನ್ ಇಟ್ಟು ಗಾಳಿ ಒಳಗೆ ಎಳೆಯುತ್ತಿದ್ದೆ. ನೋಡಿದವರೇ, "ಅಕ್ಕೋರೇ, ರಾತ್ರಿ ಗಾಳಿ ಗುಡ್ಡದ ಕಡೆಯಿಂದ ಬರ್ತದೆ. ಆ ಕಿಟಕಿ ಸಂಜೆಗೆ, ರಾತ್ರಿಗೆ ಈ ಕಿಟಕಿ" ಎಂದು ಪೂರ್ವದ ಕಿಟಕಿ ತೋರಿಸಿದರು. ಮಕ್ಕಳಿಗೆ ನಾನೇ ಪಾಠ ಮಾಡುತ್ತೇನೆ, ಹಗಲು ಕಡಲ ಗಾಳಿ, ರಾತ್ರಿ ನೆಲದ ಗಾಳಿ ಎಂದು. ನೆಲ ಬೇಗ ತಣಿಯುತ್ತದೆ, ಸಮುದ್ರ ನಿಧಾನ, ಹಾಗಾಗಿ ಗಾಳಿ ತಿರುಗುತ್ತದೆ. ಹಾಯಿ ದೋಣಿಯ ಕಾಲದಲ್ಲಿ ಬೆಳಗಿನ ಜಾವದ ಆ ಗಾಳಿ ಹಿಡಿದೇ ಕಡಲಿಗೆ ಇಳಿಯುತ್ತಿದ್ದರು, ಮಧ್ಯಾಹ್ನದ ಗಾಳಿಗೆ ಮರಳುತ್ತಿದ್ದರು. ಆ ರಾತ್ರಿಯಿಂದ ಪೂರ್ವದ ಕಿಟಕಿ ತೆರೆದು, ಫ್ಯಾನನ್ನು ಸಮುದ್ರದ ಕಡೆಯ ಕಿಟಕಿಯಲ್ಲಿ ಹೊರಮುಖವಾಗಿ ಇಟ್ಟೆ. ಒಳಗಿನ ಬಿಸಿ ಹೊರಗೆ, ಗುಡ್ಡದ ಗಾಳಿ ಹಾಸಿಗೆಯ ಮೇಲಿಂದ ಒಳಗೆ. ಸೊಳ್ಳೆಗೆ ಕಿಟಕಿಗೆ ಜಾಲರಿ ಹೊಡೆಸಿದೆ. ಮಂಚಕ್ಕೆ ಪರದೆ ಕಟ್ಟಿದರೆ ಅದು ಗಾಳಿಯ ಒಂದಷ್ಟು ಪಾಲನ್ನು ತಡೆಯುತ್ತದೆ.

ಆಗಲೇ ಕಲೆಯಾದ ಫೋಮಿಗೆ ಏನು ಮಾಡಿದೆ ಎಂದು ಕೇಳುವವರಿಗೆ: ನೀರು ಸುರಿಯಬೇಡಿ, ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಮೆಡಿಕಲ್ ಅಂಗಡಿಯ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡಿಗೆ ಸ್ವಲ್ಪ ಅಡುಗೆ ಸೋಡಾ ಬೆರೆಸಿ, ಬಟ್ಟೆಯಲ್ಲಿ ಅದ್ದಿ ಮೇಲಿಂದ ಒತ್ತಿ, ಫ್ಯಾನಿನ ಕೆಳಗೆ ನಿಲ್ಲಿಸಿ ಒಣಗಿಸಿದೆ. ಮುಕ್ಕಾಲು ಭಾಗ ಹೋಯಿತು. ಬಣ್ಣದ ಬಟ್ಟೆಗೆ ಇದು ಬೇಡ, ಬಣ್ಣ ಹೋಗುತ್ತದೆ. ಬ್ಲೀಚಿಂಗ್ ಹಾಕಿದರೆ ಬೆವರಿನ ಕಲೆ ಇನ್ನೂ ಹಳದಿಯಾಗುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವವರು ದಿಂಬಿಗೆ ಎರಡು ಕವರ್ ಹಾಕಿ, ಬೆವರಿಗಿಂತ ಎಣ್ಣೆ ಹಠಮಾರಿ.

ಮಳೆಗಾಲದಲ್ಲಿ ಲೆಕ್ಕ ಬೇರೆ. ಜೂನ್ ಬಂದರೆ ತಂತಿಯ ಮೇಲೆ ಏನೂ ಒಣಗುವುದಿಲ್ಲ, ಹುಲ್ಲಿನ ಚಾಪೆಗೆ ಹದಿನೈದು ದಿನದಲ್ಲಿ ಬೂಷ್ಟು ಬರುತ್ತದೆ. ಆಗ ಚಾಪೆ ಒರೆಸಿ, ಸುತ್ತಿ ಅಡುಗೆಮನೆಯ ಅಟ್ಟಕ್ಕೆ ಹಾಕುತ್ತೇನೆ, ಅಲ್ಲಿ ಬೆಚ್ಚಗಿರುತ್ತದೆ. ಹಾಸಿಗೆಯ ಮೇಲೆ ಹತ್ತಿ ಪ್ರೊಟೆಕ್ಟರ್ ಒಂದೇ. ಭಾನುವಾರ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಎರಡು ಗಂಟೆ ಫ್ಯಾನ್ ಅದರ ಕಡೆಗೆ. ಮೊನ್ನೆ ಬಾಯಿ ಬಂದವರು ನಿಂತ ಹಾಸಿಗೆಯ ಹಿಂಬದಿಗೆ ಕೈ ಇಟ್ಟು ನೋಡಿ, "ಒಣಗಿದೆ ಅಕ್ಕೋರೇ" ಅಂದರು. ತಿರುಗಿಸಿ ಮಂಚಕ್ಕೆ ಹಾಕಲು ಇನ್ನೊಂದು ಬದಿ ಅವರೇ ಹಿಡಿದರು.